ಉಣ್ಣು ಅನ್ನೋರಿಲ್ಲದ ಮನೆ

ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಬರಬೇಕೆಂದರೆ ಕಂಪ್ಲಿಯ ಸುತ್ತಮುತ್ತ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಮರುಳಸಿದ್ದಮ್ಮನದು. ಅಕ್ಕಿ ಗಿರಣಿಯವರ ಮನೆಯ ಹಿರಿಯ ಸೊಸೆ. ಈಗ ತಾನೂ ಅತ್ತೆಯಾಗಿ, ಅಜ್ಜಿಯಾಗಿ, ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ಕೂರುವ ವಯಸ್ಸು. ಆದರೂ ಯಾರಾದರೂ ಬಾಗಿಲಿಗೆ ಬಂದು "ಒಂದು ಮನಿ ನೋಡೋದಿತ್ರಿ ಅಮ್ಮಾರ" ಎಂದರೆ ಮಂಡಿನೋವು ಎಲ್ಲಿಗೋ ಹೋಗಿ ಕೈಗೆ ಚೀಲ ಬರುತ್ತಿತ್ತು. ಗಂಡಿನ ಮುಖವನ್ನು ಆಕೆ ಸರಿಯಾಗಿ ನೋಡುತ್ತಲೂ ಇರಲಿಲ್ಲ. ಮುಖ ಎಲ್ಲರಿಗೂ ಇರುತ್ತದೆ, ಅದರಲ್ಲಿ ನೋಡುವುದೇನಿದೆ ಎನ್ನುತ್ತಿದ್ದಳು.

ಆಕೆ ನೋಡುವ ರೀತಿಯೇ ಬೇರೆ. ಹೇಳಿ ಹೋಗುವ ಮಾತೇ ಇಲ್ಲ. ಹೇಳಿ ಹೋದರೆ ಮನೆ ಜಳಕ ಮಾಡಿ ತಲೆ ಬಾಚಿಕೊಂಡು ಕೂತಿರುತ್ತದಂತೆ. ಊಟದ ಹೊತ್ತಿಗೆ ಸರಿಯಾಗಿ ಹೋಗುವುದು. ಕುಡಿಯಲು ನೀರು ಕೇಳಿ ಚೊಂಬಿನ ಒಳಗಂಚನ್ನು ಕಣ್ಣಲ್ಲೇ ಸವರುವುದು. ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ನುಗ್ಗಿ, ಅಲ್ಲಿ ನಾಯಿ ಇದ್ದರೆ ಅದರ ಪಕ್ಕೆಲುಬು ಕಾಣುತ್ತದೋ ಇಲ್ಲವೋ ನೋಡುವುದು. ಕಡೆಗೆ ಊಟಕ್ಕೆ ಕೂತು ಅರೆಹೊಟ್ಟೆಗೇ "ಸಾಕು" ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವುದು. ಅದು ಕೊನೆಯ ಪರೀಕ್ಷೆ. ಆ ಕೈ ಸರಿಸಿ, ಬೈದು, ಆಣೆ ಹಾಕಿ ಇನ್ನೊಂದು ಸೌಟು ನೀಡಿದರೆ ಮನೆ ಪಾಸು. "ಸಾಕೇನ್ರಿ? ಆತು ಬಿಡ್ರಿ" ಎಂದು ಪಾತ್ರೆ ಒಳಗೆ ಒಯ್ದರೆ ಅಲ್ಲಿಗೆ ಮುಗಿಯಿತು. ಕೇಳಿದರಷ್ಟೇ ಅನ್ನ ಹಾಕುವ ಮನೆಯಲ್ಲಿ ಕೇಳಲು ನಾಚುವ ಹುಡುಗಿ ಒಣಗಿಹೋಗುತ್ತಾಳೆ ಎಂದು ಸೆರಗು ಕೊಡವಿ ಎದ್ದು ಬಂದುಬಿಡುತ್ತಿದ್ದಳು.

ತಂಗಿ ಗಂಗಾಂಬಿಕಾಳನ್ನು ಹೊಸಪೇಟೆಯ ಚಿತ್ತವಾಡ್ಗಿಗೆ ಕೊಟ್ಟದ್ದೂ ಹೀಗೆ ನೋಡಿಯೇ. ತಾಯಿ ತೀರಿಕೊಂಡಾಗ ಗಂಗಿ ಇನ್ನೂ ತೆವಳುವ ಕೂಸು. ಆಕೆಗೆ ಕೈತುತ್ತು ಹಾಕಿ ಬೆಳೆಸಿದವಳು ಮರುಳಸಿದ್ದಮ್ಮ. ಊಟ ಅಂದರೆ ಆ ಹುಡುಗಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಕ್ಕ ಅಂಗಳದ ತುಂಬ ಬೆನ್ನಟ್ಟಿ, "ಇದು ಕಾಗಿಗೆ, ಇದು ಗುಬ್ಬಿಗೆ, ಇದು ಅಕ್ಕಗ" ಎಂದು ಒಂದೊಂದೇ ತುತ್ತು ತುರುಕುತ್ತಿದ್ದಳು. ಕಾಗೆ ಗುಬ್ಬಿಗಳ ತುತ್ತನ್ನು ಉಗುಳಿದರೂ ಅಕ್ಕನ ಹೆಸರಿನ ತುತ್ತನ್ನು ಗಂಗಿ ಎಂದೂ ಉಗುಳಲಿಲ್ಲ. ಮದುವೆಯ ಮಾತು ಬಂದಾಗಲೂ "ಅಕ್ಕ ನೋಡಿದ ಮನಿ ಆದ್ರ ಆತು" ಎಂದವಳು ಗಂಡಿನ ಫೋಟೊ ಕೂಡ ಕೇಳಲಿಲ್ಲ. ಆ ಮನೆ ಚೊಲೊ ಬಂತು. ಗಂಡ ತೀರಿಕೊಳ್ಳುವ ತನಕ ಹೂವಿನ ಹಾಗೆ ನೋಡಿಕೊಂಡ. ಮಗ ಶಂಭುಲಿಂಗ ಕೈಗೆ ಬಂದ. ಸೊಸೆ ಶಾಂಭವಿ ಬಾಯಿಬಡುಕಿಯಲ್ಲ.

ಅವು ಅದಿರಿನ ವರ್ಷಗಳು. ಸಂಡೂರಿನ ಗುಡ್ಡದ ಕೆಂಪು ಮಣ್ಣನ್ನು ಹೊತ್ತ ಲಾರಿಗಳು ಹಗಲಿರುಳು ಸಾಲುಗಟ್ಟಿ ಹೋಗುತ್ತಿದ್ದವು. ನಿನ್ನೆ ಟೈರಿಗೆ ಪಂಕ್ಚರ್ ಹಾಕುತ್ತಿದ್ದವನು ಇವತ್ತು ಲಾಡ್ಜ್ ಕಟ್ಟಿಸುತ್ತಿದ್ದ. ಶಂಭುಲಿಂಗನೂ ಅದಿರು ಸಾಗಿಸಲು ಲಾರಿ ಬಿಟ್ಟಿದ್ದ. ಮನೆಗೆ ಮೇಲುಮಾಳಿಗೆ ಬಂತು, ಕಿಟಕಿಗೆ ಗಾಜು ಬಂತು, ಗಾಜಿನ ಮೇಲೆ ಒರೆಸಿದಷ್ಟೂ ಮುಗಿಯದ ಧೂಳು ಬಂತು. ಅದೇ ಹೊತ್ತಿನಲ್ಲಿ ಗಂಗಮ್ಮನ ಗರ್ಭಕೋಶದಲ್ಲಿ ಗಂಟು ಕಾಣಿಸಿತು. ಬಳ್ಳಾರಿ ಆಯಿತು, ಬೆಂಗಳೂರು ಆಯಿತು. ಕೊನೆಗೆ ಅಲ್ಲಿನ ಡಾಕ್ಟರು ಶಂಭುಲಿಂಗನನ್ನು ಬದಿಗೆ ಕರೆದು, ಇನ್ನು ಮಾಡುವಂಥದ್ದು ಏನೂ ಇಲ್ಲ, ನೋವಾಗದ ಹಾಗೆ ನೋಡಿಕೊಳ್ಳಿ ಅಷ್ಟೆ ಎಂದರು. ನೋವಾಗದ ಹಾಗೆ ನೋಡಿಕೊಳ್ಳುವುದು ಹೇಗೆಂದು ಚಿತ್ತವಾಡ್ಗಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬುಕ್ಕಸಾಗರದ ಈಚೆ, ಕಾಲುವೆಯ ದಂಡೆಗೆ, ಇಂಥವರಿಗಾಗಿಯೇ ಒಂದು ಮನೆ ಇದೆ ಎಂದು ಹೇಳಿದವರು ಊರಿನ ಡಾಕ್ಟರು. ಅದಿರಿನಲ್ಲಿ ಕೈತುಂಬ ಗಳಿಸಿದ ಯಾರೋ ಪುಣ್ಯಾತ್ಮ ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು. ಬೋರ್ಡಿನ ಮೇಲೆ ಉದ್ದನೆಯ ಹೆಸರಿತ್ತು. ಜನ ಮಾತ್ರ "ಕಾಲುವಿ ಮನಿ" ಎನ್ನುತ್ತಿದ್ದರು. ವಾಸಿಯಾಗದವರನ್ನು ಅಲ್ಲಿ ಇಟ್ಟುಕೊಂಡು ಕೊನೆಯವರೆಗೆ ನೋಡಿಕೊಳ್ಳುತ್ತಾರಂತೆ. ಹೆತ್ತ ತಾಯಿಯನ್ನು ಹೊರಗೆ ಸಾಗಿಸಿದ ಎಂದು ನಾಳೆ ಜನ ಆಡಿಕೊಂಡಾರೆಂಬ ಹೆದರಿಕೆ ಶಂಭುಲಿಂಗನಿಗೆ. ತಾಯಿಯ ನರಳಾಟ ಕೇಳಲಾಗದ ಸಂಕಟವೂ ಅವನದೇ. ಕಂಪ್ಲಿಗೆ ಫೋನು ಹಚ್ಚಿದ.

"ದೊಡ್ಡವ್ವ, ನಂಗೇನೂ ತಿಳೀವಲ್ದು. ನೀನ ಒಮ್ಮೆ ಹೋಗಿ ನೋಡಿ ಬಾ. ಅವ್ವನೂ ಅದ ಅಂತಾಳ. ಅಕ್ಕ ನೋಡಿದ ಮನಿ ಆದ್ರ ಹೋಗ್ತೀನಿ ಅಂತ."

ಫೋನು ಇಟ್ಟ ಮರುಳಸಿದ್ದಮ್ಮನ ಕೈ ಅಭ್ಯಾಸದಂತೆ ಚೀಲಕ್ಕೆ ಹೋಯಿತು. ಬದುಕುವ ಮನೆಯನ್ನೇನೋ ಎಷ್ಟೋ ಸಲ ನೋಡಿದ್ದಳು. ಸಾಯುವ ಮನೆಯಲ್ಲಿ ಏನು ನೋಡಬೇಕು? ತಿಳಿಯಲಿಲ್ಲ. ತಿಳಿಯದಿದ್ದಾಗ ಮನುಷ್ಯ ತನಗೆ ಗೊತ್ತಿದ್ದುದನ್ನೇ ಮಾಡುತ್ತಾನೆ. ಆಕೆಯೂ ಅದನ್ನೇ ಮಾಡಿದಳು. ಮರುದಿನ ಯಾರಿಗೂ ಹೇಳದೆ ಬಸ್ಸು ಹತ್ತಿ, ಊಟದ ಹೊತ್ತಿಗೆ ಸರಿಯಾಗಿ ಕಾಲುವೆ ಮನೆಯ ಮುಂದೆ ಇಳಿದಳು.

"ಬರ್ರಿ ಅಮ್ಮ, ಕುಂದ್ರಿ. ಬಿಸಲಾಗ ಬಂದೀರಿ" ಎಂದು ಒಳಗೆ ಕರೆದವಳು ದುರ್ಗಕ್ಕ ಎಂಬ ಆಯಾ. ಮರುಳಸಿದ್ದಮ್ಮ ನೀರು ಕೇಳಿದಳು. ಚೊಂಬು ಬೆಳಗಿತ್ತು. ಯಾವ ಪೈಕಿಯವರೋ ಎಂದು ಒಂದು ಗಳಿಗೆ ಅನುಮಾನಿಸಿದರೂ ಗಂಗಿಯ ಕೆಲಸಕ್ಕೆ ಬಂದಿದ್ದೇನೆಂದು ನೆನೆದು ಗಟಗಟ ಕುಡಿದಳು. ಕಾಲು ತೊಳೆಯುತ್ತೇನೆಂದು ಹಿತ್ತಲಿಗೆ ಹೋದಳು. ಬೆಳ್ಳಗೆ ಒಗೆದ ಹಾಸುಗಳು ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದವು. ಮೂಗಿನ ಹತ್ತಿರ ಹಿಡಿದು ನೋಡಿದಳು, ಸಾಬೂನು ಮತ್ತು ಬಿಸಿಲಿನ ವಾಸನೆ ಬಿಟ್ಟು ಬೇರೆ ಇರಲಿಲ್ಲ. ನಾಯಿ ದುಂಡಗಿತ್ತು, ಏಳಲು ಸೋಮಾರಿತನ ಅದಕ್ಕೆ. ಒಳಗೆ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದಳು, ಕೆಂಪು ಧೂಳು ಹತ್ತಲಿಲ್ಲ. ಹೊರಗೆ ನಾಟಿಯಾದ ಗದ್ದೆ, ಕಾಲುವೆಯ ಸದ್ದು. ಹಾಸಿಗೆಗಳ ಮೇಲೆ ಮಲಗಿದ್ದವರು ಸುಮ್ಮನೆ ಮಲಗಿದ್ದರು. ಮನೆ ಪಾಸಾಗುವುದರಲ್ಲಿತ್ತು.

ಆಗ ಊಟ ಬಂತು. ಮೂಲೆಯ ಹಾಸಿಗೆಯಲ್ಲಿ ಉಚ್ಚೆಂಗಪ್ಪ ಎಂಬ ಮುದುಕನಿದ್ದ. ಗಣಿಯಲ್ಲಿ ಲಾರಿ ತುಂಬುತ್ತಿದ್ದವನಂತೆ, ಈಗ ಎಲುಬಿನ ಗೂಡು. ದುರ್ಗಕ್ಕ ಮೆತ್ತಗೆ ಕಲಸಿದ ಅನ್ನ ಹಿಡಿದು, "ಬೇಕೇನಜ್ಜ?" ಎಂದಳು. ಮುದುಕ ಮುಖ ಆಚೆ ಮಾಡಿದ. ಅಷ್ಟೆ. ಆಕೆ ತಟ್ಟೆ ಬದಿಗಿಟ್ಟಳು. ಒಂದು ಮಾತಿಲ್ಲ, ಒಂದು ಆಣೆಯಿಲ್ಲ, "ನನ್ನ ಸಲುವಾಗಿ ಒಂದು ತುತ್ತು" ಎನ್ನುವುದಿಲ್ಲ. ಒದ್ದೆ ಹತ್ತಿಯಿಂದ ಅವನ ತುಟಿ ಒರೆಸಿ, ಪಾದದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟಳು. ಮರುಳಸಿದ್ದಮ್ಮನ ಕಣ್ಣು ಬದಿಗಿಟ್ಟ ತಟ್ಟೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

"ಯವ್ವಾ, ಆ ಅಜ್ಜ ಒಂದಗಳೂ ಉಣಲಿಲ್ಲಲ್ಲ" ಎಂದು ಅಲ್ಲೇ ಇದ್ದ ನರ್ಸನ್ನು ಹಿಡಿದು ಕೇಳಿದಳು. ಸುಮಂಗಲಾ ಎಂದು ಹೆಸರು, ಚಿಕ್ಕ ವಯಸ್ಸಿನವಳು.

"ಬ್ಯಾಡಂದ್ರಲ್ರಿ ಅಮ್ಮ."

"ಬ್ಯಾಡ ಅಂದ್ರ ಬಿಟ್ಟ ಬಿಡೋದಾ? ಬ್ಯಾನಿ ಬಂದೋರು ಬ್ಯಾಡ ಅನ್ನದ ಏನಂತಾರ? ಒಂದೀಟು ಒತ್ತಾಯ ಮಾಡಬೇಕವ್ವ."

"ಈ ಹಂತದಾಗ ಹೊಟ್ಟಿ ತಡ್ಕೊಳ್ಳಂಗಿಲ್ರಿ. ಒತ್ತಾಯ ಮಾಡಿದ್ರ ಅವರಿಗೇ ತ್ರಾಸು" ಎಂದು ಸುಮಂಗಲಾ ಮೆಲ್ಲಗೆ ಹೇಳಿ, ಬೇರೆ ಹಾಸಿಗೆಯಿಂದ ಯಾರೋ ಕರೆದರೆಂದು ಹೋದಳು. ಎಷ್ಟೋ ಜಿಪುಣರ ಮನೆಗಳಲ್ಲಿ ಎಷ್ಟೋ ಬಗೆಯ ನೆಪ ಕೇಳಿದ್ದ ಮರುಳಸಿದ್ದಮ್ಮನಿಗೆ ಇದೂ ಒಂದು ಅನಿಸಿತು. ಚೀಲ ಎತ್ತಿಕೊಂಡು ಎದ್ದಳು.

ಚಿತ್ತವಾಡ್ಗಿಯಲ್ಲಿ ಎಲ್ಲರೂ ಕಾಯುತ್ತಿದ್ದರು. ಗಂಗಮ್ಮ ಗೋಡೆಗೆ ಒತ್ತಿದ ಮಂಚದ ಮೇಲೆ ಮೊಣಕಾಲು ಹೊಟ್ಟೆಗೆ ಅವುಚಿಕೊಂಡು ಮಲಗಿದ್ದಳು. ಮರುಳಸಿದ್ದಮ್ಮ ಪಕ್ಕದಲ್ಲಿ ಕೂತು ತೀರ್ಪು ಕೊಟ್ಟಳು.

"ಮನಿ ಸ್ವಚ್ಛ ಐತಿ. ಮಂದಿ ಮಾತೂ ಚೊಲೊ. ಆದ್ರ ಉಣ್ಣು ಅನ್ನೋರಿಲ್ಲ ಅಲ್ಲಿ. ಬ್ಯಾಡ ಅಂದ್ರ ತಟ್ಟಿ ತಗೊಂಡು ಹೋಗೇಬಿಡ್ತಾರ. ಅಂಥಲ್ಲಿಗೆ ನಾ ನಮ್ಮ ಗಂಗಿನ ಕಳಸಾಕಿ ಅಲ್ಲ. ನಾನ ಇಲ್ಲಿರ್ತೀನಿ."

ಶಂಭುಲಿಂಗ ನಿಟ್ಟುಸಿರು ಬಿಟ್ಟ. ಅದು ಬೇಸರದ್ದೋ ನೆಮ್ಮದಿಯದ್ದೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಗಂಗಮ್ಮ "ಹಂಗಾರ ಬ್ಯಾಡ ಬಿಡಕ್ಕ" ಎಂದು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಅಲ್ಲಿ ಯಾರರ ನರಳಾಕತ್ತಿದ್ರೇನಕ್ಕ?" ಎಂದು ಕೇಳಿದಳು.

ಮರುಳಸಿದ್ದಮ್ಮ ನೆನಪು ಮಾಡಿಕೊಂಡಳು. "ಇಲ್ಲವ್ವ. ಎಲ್ಲಾರು ಸುಮ್ನ ಮಲಗಿದ್ರು" ಎಂದಳು. ಆ ಪ್ರಶ್ನೆಯ ಹಿಂದೆ ಏನಿತ್ತು ಎಂದು ಆಕೆ ಒಂದು ಗಳಿಗೆ ಯೋಚಿಸಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತು. ಎಷ್ಟು ಮನೆ ನೋಡಿದ ಕಣ್ಣೋ ಏನೋ, ಹೊಟ್ಟೆಗೆ ಅವುಚಿದ ಆ ಮೊಣಕಾಲುಗಳನ್ನು ನೋಡಲಿಲ್ಲ. ಆಕೆ ಎದ್ದು ಗಂಜಿಗೆ ನೀರಿಡಲು ಹೋದಳು.

ಅವತ್ತಿನಿಂದ ಚಿತ್ತವಾಡ್ಗಿಯ ಒಲೆ ಆರಲಿಲ್ಲ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮೊಸರನ್ನ, ಸಂಜೆಗೆ ಶ್ಯಾವಿಗೆ ಪಾಯಸ. ಮರುಳಸಿದ್ದಮ್ಮ ತಂಗಿಯ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು ಮತ್ತೆ ಅದೇ ಹಳೆಯ ರಾಗ ಹಾಡುತ್ತಿದ್ದಳು: ಇದು ಶಂಭುಗ, ಇದು ಸೊಸಿಗೆ, ಇದು ಅಕ್ಕಗ. ಗಂಗಮ್ಮ ಬಾಯಿ ತೆರೆಯುತ್ತಿದ್ದಳು. ಹೇಗೋ ನುಂಗುತ್ತಿದ್ದಳು. ತಟ್ಟೆ ಖಾಲಿಯಾದಾಗ ಮರುಳಸಿದ್ದಮ್ಮ ಅದನ್ನು ಮನೆಯವರಿಗೆಲ್ಲ ತೋರಿಸಿ, "ನೋಡ್ರಿ, ಒಳಗ ಶಕ್ತಿ ಬರಾಕತ್ತೈತಿ" ಎನ್ನುತ್ತಿದ್ದಳು. ಶಕ್ತಿ ಎಲ್ಲಿ ಬರುತ್ತಿತ್ತೋ ಶಿವನಿಗೇ ಗೊತ್ತು. ಹೊಟ್ಟೆ ಮಾತ್ರ ದಿನದಿನಕ್ಕೆ ಉಬ್ಬುತ್ತಿತ್ತು, ಕಾಲು ಕಡ್ಡಿಯಾಗುತ್ತಿತ್ತು. ಕಂಪೌಂಡರ್ ಬಂದು ಚುಚ್ಚಿ ಹೋದ ಇಂಜೆಕ್ಷನ್ನು ನಾಲ್ಕು ಲಾರಿ ಹೋಗುವಷ್ಟು ಹೊತ್ತು ತಡೆಯುತ್ತಿರಲಿಲ್ಲ. ಆಮೇಲೆ ಗಂಗಮ್ಮ ಸೆರಗಿನ ತುದಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಸೆರಗು ಕಚ್ಚಿದರೂ ಸದ್ದು ಬರುತ್ತಿತ್ತು, ಮತ್ತು ಆ ಸದ್ದಿಗೆ ಶಂಭುಲಿಂಗ ಮನೆ ಬಿಟ್ಟು ರಸ್ತೆಗೆ ಹೋಗಿ ನಿಲ್ಲುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಗಂಜಿ ಕುಡಿಸಿ ಮುಗಿಸಿ ಮರುಳಸಿದ್ದಮ್ಮ ಜಳಕಕ್ಕೆ ಹೊರಟಳು. ಬಚ್ಚಲಿನವರೆಗೆ ಹೋದ ಮೇಲೆ ಟವೆಲ್ಲು ಮರೆತದ್ದು ನೆನಪಾಗಿ ತಿರುಗಿ ಬಂದಳು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಒಳಗೆ ಶಾಂಭವಿ ಅತ್ತೆಯ ಬಾಯಿಗೆ ಬೋಗುಣಿ ಹಿಡಿದಿದ್ದಳು. ಗಂಗಮ್ಮ ಮಂಚದ ಅಂಚಿಗೆ ಬಾಗಿ, ಕುಡಿದಿದ್ದ ಗಂಜಿಯನ್ನೆಲ್ಲ ಕಕ್ಕುತ್ತಿದ್ದಳು. ಒಂದೊಂದು ಸಲ ಹೊಟ್ಟೆ ತೊಳಸಿದಾಗಲೂ ಆಕೆಯ ಇಡೀ ಮೈ ಹುರಿಯಾಗುತ್ತಿತ್ತು, ಕಣ್ಣು ಮೇಲೆ ಹೋಗುತ್ತಿತ್ತು. ಸದ್ದು ಹೊರಗೆ ಬಾರದಂತೆ ಒಂದು ಕೈಯಲ್ಲಿ ಸೊಸೆಯ ಸೀರೆಯನ್ನು ಮುಷ್ಟಿ ಬಿಗಿದು ಹಿಡಿದಿದ್ದಳು. ಶಾಂಭವಿಯ ಇನ್ನೊಂದು ಕೈ ಅತ್ತೆಯ ಬೆನ್ನ ಮೇಲೆ ಅಭ್ಯಾಸವಾದಂತೆ ಆಡುತ್ತಿತ್ತು. ಎಲ್ಲ ಮುಗಿದ ಮೇಲೆ ಗಂಗಮ್ಮ ದಿಂಬಿಗೆ ಒರಗಿ, ಉಸಿರಿಗೆ ಉಸಿರು ಸೇರಿಸಿಕೊಂಡು ಹೇಳಿದಳು:

"ಜಲ್ದಿ ಚೆಲ್ಲಿ ಬಾರವ್ವ. ಅಕ್ಕಗ ಹೇಳಬ್ಯಾಡ. ಪಾಪ, ಪ್ರೀತಿಲೆ ಉಣಿಸ್ತಾಳ."

ಮರುಳಸಿದ್ದಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೋಗುಣಿ ಹಿಡಿದು ಹೊರಬಂದ ಶಾಂಭವಿ ಆಕೆಯನ್ನು ನೋಡಿ ಗಕ್ಕನೆ ನಿಂತಳು.

"ದಿನಾ ಹಿಂಗಾ?" ಎಂದು ಮರುಳಸಿದ್ದಮ್ಮ ಪಿಸುಗುಟ್ಟಿದಳು.

ಶಾಂಭವಿಯ ಕಣ್ಣು ತುಂಬಿತು. "ದಿನಾ ಹಿಂಗರಿ ದೊಡ್ಡತ್ತಿ. ನೀವು ಏಳೂ ತನಕ ತಡಕೊಂಡಿರ್ತಾರ. ನಾ ಹೇಳ್ತೀನಂದ್ರ ಆಣಿ ಹಾಕ್ಯಾರ."

ಮರುಳಸಿದ್ದಮ್ಮನಿಗೆ ತನ್ನ ಕೈ ತನಗೇ ಬೇಡವೆನಿಸಿತು. ಆ ಕೈ ಇನ್ನೂ ಗಂಜಿಯಿಂದ ಅಂಟಂಟಾಗಿತ್ತು. ಕಾಲುವೆ ಮನೆಯಲ್ಲಿ ಅವತ್ತು ಯಾರೂ ನರಳುತ್ತಿರಲಿಲ್ಲ ಎಂಬುದು ಈಗ ನೆನಪಾಯಿತು. ಆ ಮುದುಕ ಮುಖ ತಿರುಗಿಸಿದ ಮೇಲೆ ಎಷ್ಟು ಹಗುರಾಗಿ ಉಸಿರಾಡುತ್ತಿದ್ದನೆಂಬುದೂ ನೆನಪಾಯಿತು. ಟವೆಲ್ಲು ಅಲ್ಲೇ ಬಿಟ್ಟು ಅಂಗಳಕ್ಕೆ ಹೋಗಿ, ಲಾರಿಯವರ ಜೊತೆ ಮಾತಾಡುತ್ತ ನಿಂತಿದ್ದ ಶಂಭುಲಿಂಗನ ತೋಳು ಹಿಡಿದಳು.

"ಗಾಡಿ ತಗಿ ಶಂಭು. ಕಾಲುವಿ ಮನಿಗೆ ಹೋಗೂನು."

"ಅದು ಬ್ಯಾಡ ಅಂದಿದ್ದೆಲ್ಲ ದೊಡ್ಡವ್ವ?"

"ಅಂದಿದ್ದೆ. ತಪ್ಪು ನೋಡಿದ್ದೆ. ತಗಿಯಪ್ಪ, ಜಲ್ದಿ ತಗಿ."

ಕಾಲುವೆ ಮನೆಯಲ್ಲಿ ಯಾರೂ ಯಾಕೆ ತಡ ಮಾಡಿದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಮರುಳಸಿದ್ದಮ್ಮನಿಗೆ ಅಷ್ಟರಮಟ್ಟಿಗೆ ಹಗುರಾಗುತ್ತಿತ್ತು. ಮೂಲೆಯ ಹಾಸಿಗೆಯಲ್ಲಿ ಉಚ್ಚೆಂಗಪ್ಪ ಇರಲಿಲ್ಲ. "ಹ್ವಾದ್ರಿ ಅಮ್ಮ. ನಿದ್ದಿಯೊಳಗ ಹ್ವಾದ್ರು" ಎಂದಳು ದುರ್ಗಕ್ಕ. ಗಂಗಮ್ಮನನ್ನು ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗಿಸಿದರು. ಡಾಕ್ಟರು ಬಂದು ನೋಡಿ ಹೋದ ಮೇಲೆ ಸುಮಂಗಲಾ ನೋವಿನ ಔಷಧ ಕೊಟ್ಟಳು. ಊರಿನ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ ಅದು. ಸ್ವಲ್ಪ ಹೊತ್ತಿನಲ್ಲಿ ಗಂಗಮ್ಮನ ಹಲ್ಲಿನಿಂದ ಸೆರಗು ತಾನಾಗಿ ಜಾರಿತು. ಹೊಟ್ಟೆಗೆ ಒತ್ತಿಕೊಂಡಿದ್ದ ಮೊಣಕಾಲುಗಳು ಮೆಲ್ಲಗೆ ಚಾಚಿಕೊಂಡವು. ತಂಗಿ ಇಷ್ಟು ಉದ್ದ ಇದ್ದಾಳೆಂಬುದೇ ಮರುಳಸಿದ್ದಮ್ಮನಿಗೆ ಮರೆತುಹೋಗಿತ್ತು.

ಮಧ್ಯಾಹ್ನ ಊಟ ಬಂತು. "ಬೇಕೇನವ್ವ?" ಎಂದಳು ದುರ್ಗಕ್ಕ.

ಗಂಗಮ್ಮ ತಟ್ಟೆಯನ್ನು ನೋಡಲಿಲ್ಲ, ಅಕ್ಕನ ಮುಖ ನೋಡಿದಳು. ಹುಟ್ಟಿದಾಗಿನಿಂದ ನೋಡಿದ ಹಾಗೆಯೇ ನೋಡಿದಳು. ಬಾಯಿ ತೆರೆಯಲು ತುಟಿ ಆಗಲೇ ಸಡಿಲಾಗುತ್ತಿತ್ತು.

"ಬ್ಯಾಡಾದ್ರ ಬ್ಯಾಡ ಅನ್ನು ಗಂಗಿ" ಎಂದಳು ಮರುಳಸಿದ್ದಮ್ಮ. "ನನ್ನ ನೋಡಬ್ಯಾಡ."

ಗಂಗಮ್ಮ ಇನ್ನೂ ಒಂದು ಗಳಿಗೆ ಅಕ್ಕನನ್ನೇ ನೋಡಿ, ನಂಬಿಕೆ ಬಂದ ಮೇಲೆ, "ಬ್ಯಾಡ" ಎಂದಳು. ದುರ್ಗಕ್ಕ ತಟ್ಟೆ ತೆಗೆದಳು. ಅಷ್ಟು ದಿನ ತುತ್ತು ಹಿಡಿದ ಮರುಳಸಿದ್ದಮ್ಮನ ಕೈ ಈಗ ಏನು ಮಾಡಬೇಕೆಂದು ತೋಚದೆ ಮಡಿಲಲ್ಲಿ ಬಿದ್ದಿತ್ತು. ಅದನ್ನು ಕಂಡೋ ಏನೋ ದುರ್ಗಕ್ಕ ನೀರಿನ ಬಟ್ಟಲು, ಹತ್ತಿ ತಂದು ಆಕೆಯ ಕೈಗೇ ಕೊಟ್ಟಳು. ಮರುಳಸಿದ್ದಮ್ಮ ತಂಗಿಯ ಒಣಗಿದ ತುಟಿಗಳನ್ನು ಒದ್ದೆ ಮಾಡುತ್ತ ಕೂತಳು.

"ಭಾಳ ಚೊಲೊ ಮನಿ ನೋಡಿದಿ ಅಕ್ಕ" ಎಂದು ಗಂಗಮ್ಮ ನಿದ್ದೆಗಣ್ಣಲ್ಲಿ ಹೇಳಿದಳು. ಮರುಳಸಿದ್ದಮ್ಮ ಹತ್ತಿಯನ್ನು ಮತ್ತೆ ನೀರಿಗೆ ಅದ್ದಿದಳು.

ಅಲ್ಲಿ ಗಂಗಮ್ಮ ಇದ್ದದ್ದು ಕೆಲವೇ ದಿನ. ಇನ್ನೊಂದಿಷ್ಟು ದಿನ ಮೊದಲೇ ಬಂದಿದ್ದರೆ ಎಂಬ ಮಾತನ್ನು ಯಾರೂ ಆಡಲಿಲ್ಲ, ಮರುಳಸಿದ್ದಮ್ಮ ಮಾತ್ರ ಅದನ್ನೇ ಜಪ ಮಾಡಿದಳು. ಮಗ ಬಂದು ಪಕ್ಕದಲ್ಲಿ ಕೂತರೆ ಗಂಗಮ್ಮ ಅವನ ಚಿಕ್ಕಂದಿನ ತಂಟೆ ನೆನೆದು ನಗುತ್ತಿದ್ದಳು. ಒಂದು ಬೆಳಿಗ್ಗೆ ಹೊರಗೆ ಗದ್ದೆಯಲ್ಲಿ ಹೆಂಗಸರು ಕಳೆ ಕೀಳುತ್ತಿದ್ದಾಗ, ಅಕ್ಕ ತುಟಿ ಒದ್ದೆ ಮಾಡುತ್ತಿದ್ದಂತೆಯೇ ಉಸಿರು ನಿಂತಿತು. ಅಯ್ಯನವರು ಬಂದು ಹಣೆಗೆ ವಿಭೂತಿ ಹಚ್ಚಿದರು. ಮುಖದಲ್ಲಿ ನೋವಿನ ಗೆರೆ ಇರಲಿಲ್ಲ. ನೋಡಿದವರೆಲ್ಲ ಪುಣ್ಯದ ಸಾವು ಎಂದರು. ಮರುಳಸಿದ್ದಮ್ಮ ಗೋಳಾಡಿ ಅತ್ತಳು.

ಶಿವಗಣಾರಾಧನೆಯ ದಿನ ಚಿತ್ತವಾಡ್ಗಿಯ ಮನೆಯ ಮುಂದೆ ಪೆಂಡಾಲು ಹಾಕಿ ನಂಟರನ್ನೆಲ್ಲ ಕರೆದರು. ಗೋಧಿ ಹುಗ್ಗಿ ಮಾಡಿಸಿದ್ದರು. ಮರುಳಸಿದ್ದಮ್ಮ ಊಟಕ್ಕೆ ಏಳಲೊಲ್ಲಳು. ನಾಲ್ಕು ಜನ ಸೇರಿ ಎಬ್ಬಿಸಿ ಪಂಕ್ತಿಯಲ್ಲಿ ಕೂರಿಸಿದರು. ಶಾಂಭವಿಯ ಕೈಯಲ್ಲಿ ಆ ಬೋಗುಣಿ ಕಂಡ ದಿನದಿಂದ ಆಕೆಗೆ ಅನ್ನ ಸೇರುತ್ತಿರಲಿಲ್ಲ. ಎರಡು ತುತ್ತು ತಿಂದು ಸಾಕೆಂದಳು. ಬಡಿಸುತ್ತಿದ್ದವನು ಗಂಗಮ್ಮನ ಮೈದುನ ಕೊಟ್ರಬಸಪ್ಪ, ಬಲು ಅಂತಃಕರಣದ ಮನುಷ್ಯ. ಹುಗ್ಗಿಯ ಬಕೆಟ್ಟು ಹಿಡಿದು ಮುಂದೆ ಬಂದು ನಿಂತ.

"ಬ್ಯಾಡಪ್ಪ, ಕೊಟ್ರಬಸಪ್ಪ. ಉಣ್ಣಾಕ ಸೇರವಲ್ದು."

"ಅದೆಂಗಾಗತೈತ್ರಿ ಅಕ್ಕಾರ? ಮಂದಿ ಮನಿಗೆಲ್ಲ ಹೋಗಿ ಒತ್ತಾಯದ ಪರೀಕ್ಷೆ ಮಾಡಿದೋರು ನೀವು" ಎಂದು ಆತ ನಗಿಸಲು ನೋಡಿದ. ಪಂಕ್ತಿಯಲ್ಲಿ ಕೆಲವರು ನಕ್ಕರು. ಮರುಳಸಿದ್ದಮ್ಮ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

"ಖರೇನ ಬ್ಯಾಡಪ್ಪ."

"ನಿಮ್ಮ ಸಲುವಾಗಿ ಅಲ್ರಿ. ಗಂಗವ್ವನ ಹೆಸರಲೆ ಒಂದು ಸೌಟು." ಆತ ಆಕೆಯ ಕೈಗಳನ್ನು ಮೆಲ್ಲಗೆ, ಮಗುವಿನ ಕೈ ಸರಿಸಿದ ಹಾಗೆ ಸರಿಸಿ, ಸೌಟು ತುಂಬ ಹುಗ್ಗಿ ನೀಡಿ, ಮೇಲೆ ತುಪ್ಪ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ಉಣ್ಣುವವರೆಗೂ ಅಲ್ಲೇ ನಿಂತ.

ಮರುಳಸಿದ್ದಮ್ಮ ಉಂಡಳು. ಒಂದಗಳೂ ಬಿಡದೆ, ಹೇಗೋ ನುಂಗುತ್ತ, ತಟ್ಟೆ ಖಾಲಿ ಮಾಡಿದಳು. ಕೊಟ್ರಬಸಪ್ಪ ಸಮಾಧಾನದಿಂದ ಮುಂದಿನ ತಟ್ಟೆಗೆ ಹೋದ. ಎಲ್ಲರೂ ಕೈತೊಳೆಯಲು ಎದ್ದಾಗ ಆಕೆ ಯಾರ ಕಣ್ಣಿಗೂ ಬೀಳದಂತೆ ಹಿತ್ತಲಿಗೆ ಹೋಗಿ ಗೋಡೆ ಹಿಡಿದು ಬಾಗಿದಳು. ಇಡೀ ಮೈ ಹುರಿಯಾಯಿತು. ಹಿಂದಿನಿಂದ ಒಂದು ಕೈ ಬಂದು ಬೆನ್ನು ಸವರತೊಡಗಿತು, ಅಭ್ಯಾಸವಿದ್ದ ಕೈ. ತಿರುಗಿ ನೋಡದೆಯೇ ಶಾಂಭವಿ ಎಂದು ಗೊತ್ತಾಯಿತು.

"ನೀರು ಹಾಕಿ ಬಿಡವ್ವ ಜಲ್ದಿ" ಎಂದಳು ಮರುಳಸಿದ್ದಮ್ಮ, ಉಸಿರು ಸಿಕ್ಕ ಮೇಲೆ. "ಕೊಟ್ರಬಸಪ್ಪಗ ಹೇಳಬ್ಯಾಡ. ಪಾಪ, ಪ್ರೀತಿಲೆ ನೀಡ್ಯಾನ."